ಅಮೆರಿಕದ ಇತಿಹಾಸವನ್ನು ವ್ಯಕ್ತಿಗಳ ಪ್ರಕಾರ ಓದಬೇಕಾ, ಇಸವಿಗಳ ಪ್ರಕಾರ ಪಟ್ಟಿ ಮಾಡಿಕೊಳ್ಳಬೇಕಾ?

ಎಂ.ಎ. ಇತಿಹಾಸದ ಅಮೆರಿಕ ಪೇಪರ್‌ಗೆ ನಾನೂ ಪಟ್ಟಿಯನ್ನೇ ಮಾಡಿಕೊಂಡಿದ್ದೆ. ವಾಷಿಂಗ್ಟನ್ 1789, ಲಿಂಕನ್ 1863, ರೂಸ್‌ವೆಲ್ಟ್ 1933, ಕಿಂಗ್ 1955. ಪರೀಕ್ಷೆ ಪಾಸಾಯಿತು. ಪೆಟ್ಟು ಬಿದ್ದದ್ದು ಆಮೇಲೆ, ಒಂದು ಕಾಲೇಜಿನ ಉಪನ್ಯಾಸಕ ಹುದ್ದೆಯ ಸಂದರ್ಶನದಲ್ಲಿ.

1955ರಲ್ಲಿ ಅಲಬಾಮಾ ರಾಜ್ಯದ ಮಾಂಟ್ಗೊಮೆರಿ ಊರಿನ ಕಪ್ಪು ಜನ ಬಸ್ ಹತ್ತುವುದನ್ನೇ ಬಿಟ್ಟಿದ್ದರಲ್ಲ, ಆ ಬಸ್ ಬಹಿಷ್ಕಾರ ಹೇಗೆ ಶುರುವಾಯಿತು ಅಂತ ಕೇಳಿದರು. ದಣಿದಿದ್ದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲ, ಅವರ ಬಂಧನವಾಯಿತು, ಮಾರ್ಟಿನ್ ಲೂಥರ್ ಕಿಂಗ್ ಕರೆ ಕೊಟ್ಟರು, ಕಾನೂನು ಬದಲಾಯಿತು ಅಂದೆ. ಮೇಡಂ ಒಬ್ಬರು ತಿರುಗಿ ಕೇಳಿದರು: "ಬಂಧನ ಆಗಿದ್ದು ಗುರುವಾರ ಸಂಜೆ. ಸೋಮವಾರ ಬೆಳಿಗ್ಗೆ ಬಸ್ಸುಗಳು ಖಾಲಿ. ಅಷ್ಟರೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದು ಯಾರು?" ನನಗೆ ಗೊತ್ತಿರಲಿಲ್ಲ. ಆ ಕೆಲಸ ಸಿಗಲಿಲ್ಲ.

ಒಂದು ಹೆಸರು ಗೊತ್ತಿಲ್ಲದ್ದು ದೊಡ್ಡ ವಿಷಯವಲ್ಲ. ಹೆಸರಿನ ಪಕ್ಕ ಇಸವಿ ಬರೆದುಕೊಂಡು, ಆ ವ್ಯಕ್ತಿಯಿಂದಲೇ ಆ ವರ್ಷವೇ ಎಲ್ಲ ಆಯಿತು ಅಂತ ನಂಬಿದ್ದೆನಲ್ಲ, ತಪ್ಪು ಅಲ್ಲಿತ್ತು. ಪಟ್ಟಿಯಲ್ಲಿ ಹಿಂದಿನ ವರ್ಷಕ್ಕೆ ಜಾಗವೇ ಇರುವುದಿಲ್ಲ. ಹಾಗಾಗಿ "ಯಾಕೆ ಆಗಲೇ ಆಯಿತು?" ಅನ್ನುವ ಪ್ರಶ್ನೆ ನನಗೆ ಒಂದು ಸಲವೂ ಬರಲಿಲ್ಲ.

ಆಮೇಲೆ ಕೂತು ಓದಿದೆ. ಸುದ್ದಿ ಮುಟ್ಟಿಸಿದವರು ಜೋ ಆನ್ ರಾಬಿನ್ಸನ್, ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವರು. ಆ ರಾತ್ರಿಯೆಲ್ಲ ಕಾಲೇಜಿನಲ್ಲೇ ಸಾವಿರಾರು ಕರಪತ್ರ ಸೈಕ್ಲೋಸ್ಟೈಲ್ ಮಾಡಿದರು. ಬಸ್ ಬಹಿಷ್ಕಾರ ಆದೀತು ಅಂತ 1954ರ ಮೇ ತಿಂಗಳಲ್ಲೇ ಮೇಯರ್‌ಗೆ ಪತ್ರ ಬರೆದಿದ್ದವರೂ ಇವರೇ. ಪಾರ್ಕ್ಸ್ ಕೂಡ ಸುಮ್ನೆ ದಣಿದು ಕೂತವರಲ್ಲ. 1943ರಿಂದ ಕಪ್ಪು ಜನರ ಹಕ್ಕುಗಳ ಸಂಘದ ಸ್ಥಳೀಯ ಶಾಖೆಯಲ್ಲಿ ಕಾರ್ಯದರ್ಶಿಯಾಗಿ ದುಡಿದವರು. ಕಿಂಗ್‌ಗೆ ಆಗ 26 ವರ್ಷ, ಊರಿಗೆ ಹೊಸಬರು. ಹಳೇ ಜಗಳ ಯಾರೊಂದಿಗೂ ಇರಲಿಲ್ಲ, ಅವರನ್ನು ಮುಂದೆ ನಿಲ್ಲಿಸಿದ್ದಕ್ಕೆ ಅದೂ ಒಂದು ಕಾರಣ.

ನನಗೆ ಜಾಸ್ತಿ ಆಶ್ಚರ್ಯವಾದದ್ದು ಬಹಿಷ್ಕಾರ ನಡೆಸಿದವರ ಮೊದಲ ಬೇಡಿಕೆ. ಬಸ್ಸಿನಲ್ಲಿ ಕಪ್ಪು ಜನರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸುವುದನ್ನೇ ನಿಲ್ಲಿಸಿ ಅಂತ ಅವರು ಕೇಳಿರಲಿಲ್ಲ! ಮರ್ಯಾದೆಯಿಂದ ಮಾತಾಡಿಸಿ, ಹಿಂದಿನಿಂದ ಕಪ್ಪು ಜನ, ಮುಂದಿನಿಂದ ಬಿಳಿಯರು ಕೂರಲಿ, ಮೊದಲು ಬಂದವರಿಗೆ ಸೀಟು, ಕಪ್ಪು ಜನರಿಗೂ ಡ್ರೈವರ್ ಕೆಲಸ, ಅಷ್ಟೇ. ಅಷ್ಟಕ್ಕೂ ನಗರದವರು ಒಪ್ಪಲಿಲ್ಲ. 381 ದಿನ ಜನ ನಡೆದರು, ಕಾರು ಹಂಚಿಕೊಂಡು ಓಡಾಡಿದರು. ಕೊನೆಗೆ ಬೇರೆ ಬೇರೆ ಕೂರಿಸುವುದನ್ನೇ ರದ್ದು ಮಾಡಿ ಗೆಲುವು ಕೊಟ್ಟದ್ದು ಕೋರ್ಟು; ಆ ಬ್ರೌಡರ್-ಗೇಲ್ ಮೊಕದ್ದಮೆಯಲ್ಲಿ ದಾವೆ ಹೂಡಿದವರು ಪಾರ್ಕ್ಸೂ ಅಲ್ಲ, ಕಿಂಗೂ ಅಲ್ಲ. ನಾಲ್ವರು ಹೆಂಗಸರು. ಅದರಲ್ಲೊಬ್ಬಳು ಕ್ಲಾಡೆಟ್ ಕಾಲ್ವಿನ್, ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ ಸೀಟು ಬಿಡದೆ ಬಂಧನವಾಗಿದ್ದ 15ರ ಹುಡುಗಿ.

ಹಾಗಾಗಿ ವ್ಯಕ್ತಿಯೋ ಇಸವಿಯೋ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡೂ ಒಂದೇ ಪಟ್ಟಿ ಅಲ್ವಾ? ನಾಲ್ಕೈದು ತಿರುವುಗಳನ್ನು ಮಾತ್ರ ಹಿಡಿಯಿರಿ. ಮೊದಲು ಯಾರು ದುಡಿಯುತ್ತಿದ್ದರು, ಏನು ಕೇಳಿದರು, ಯಾರು ತಡೆದರು, ಎಲ್ಲಿ ತೀರ್ಮಾನವಾಯಿತು ಅಂತ ಪ್ರತಿಯೊಂದಕ್ಕೂ ಬರೆದುಕೊಳ್ಳಿ. ಲಿಂಕನ್‌ರಿಂದಲೇ ಶುರು ಮಾಡಬಹುದು. ಗುಲಾಮರು ಸ್ವತಂತ್ರರು ಅಂತ ಅವರು ಹೊರಡಿಸಿದ 1863ರ ಘೋಷಣೆ ಬಂಡೆದ್ದ ರಾಜ್ಯಗಳಿಗಷ್ಟೇ ಅನ್ವಯಿಸುತ್ತಿತ್ತು, ಇಡೀ ದೇಶದಲ್ಲಿ ಗುಲಾಮಗಿರಿ ರದ್ದಾಗಿದ್ದು 1865ರಲ್ಲಿ ಸಂವಿಧಾನಕ್ಕೆ ಬಂದ 13ನೇ ತಿದ್ದುಪಡಿಯಿಂದ. ಆ ನಡುವಿನ ಎರಡು ವರ್ಷ ಏನಾಯಿತು ಅಂತ ಮೊದಲು ಓದಿ.