ಡಿಸೆಂಬರ್ ಮೊದಲ ವಾರದ ಗುಲ್ಮಾರ್ಗ್: ಪ್ರತಿಕ್ರಿಯೆ
ಚಿಕ್ಕಬಳ್ಳಾಪುರದಿಂದ ಡಿಸೆಂಬರ್ ಮೊದಲ ವಾರ ಮಕ್ಕಳೊಂದಿಗೆ ಗುಲ್ಮಾರ್ಗ್‌ಗೆ ಹೋದರೆ ಸ್ಕೀಯಿಂಗ್ ಕಲಿಯುವಷ್ಟು ಹಿಮ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಹಿಮವನ್ನು ನಂಬಿ ಈಗಲೇ ವಿಮಾನದ ಟಿಕೆಟ್ ಮಾಡಿಸಬೇಡಿ ಸ್ವಾಮಿ. ಕಾಶ್ಮೀರದ ಕಡುಚಳಿಯ ನಲವತ್ತು ದಿನ, ‘ಚಿಲ್ಲೈ ಕಲಾನ್’, ಶುರುವಾಗುವುದೇ ಡಿಸೆಂಬರ್ 21ಕ್ಕೆ. ಅದಕ್ಕೆ ಮೊದಲೇ ‘ಗೊಂಡೋಲಾ’ ಎಂಬ ಕೇಬಲ್ ಕಾರಿನ ಎರಡನೇ ಹಂತ ಮುಟ್ಟುವ ಬೆಟ್ಟ ಅಫರ್ವಾಟ್‌ನಲ್ಲಿ, ಸುಮಾರು 3,900 ಮೀಟರ್ ಎತ್ತರದಲ್ಲಿ, ಹಿಮ ಇರಬಹುದು. ಆದರೆ ಅದು ನುರಿತವರ ಇಳಿಜಾರು. ಹೊಸಬರು ಕಲಿಯುವುದು ಕೆಳಗೆ, 2,650 ಮೀಟರಿನ ಹುಲ್ಲುಗಾವಲಿನಲ್ಲಿ. ಅಲ್ಲಿ ಆಗ ಒಣಹುಲ್ಲೇ ಕಂಡರೂ ಆಶ್ಚರ್ಯವಿಲ್ಲ. ಜನವರಿ ಕೊನೆ ಅಥವಾ ಫೆಬ್ರುವರಿ ಮೇಲು. ಸ್ಕೀ, ಬೂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ. ಕೈಗವಸು ಮಾತ್ರ ನೀರು ಇಳಿಯದಂಥದ್ದನ್ನೇ ಕೊಳ್ಳಿ. ನಂದಿಬೆಟ್ಟದ ಮುಂಜಾವಿಗೆ ಹಾಕುವ ಉಣ್ಣೆಯ ಗವಸು ಮಕ್ಕಳು ನಾಲ್ಕು ಸಲ ಬಿದ್ದೇಳುವಷ್ಟರಲ್ಲಿ ಹಿಂಡುವಂತಾಗಿ ಬೆರಳು ಮರಗಟ್ಟುತ್ತದೆ.