ಟೇಪ್ ಆಟೋಲೋಡರ್ ತಾನಾಗಿ ಟೇಪ್ ಬದಲಿಸಿಕೊಂಡು ಬ್ಯಾಕಪ್ ತೆಗೆಯುತ್ತದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಆಫೀಸಿಗೆ ಸೆಕೆಂಡ್ ಹ್ಯಾಂಡ್ ಎಲ್‌ಟಿಒ-6 ಆಟೋಲೋಡರ್ ಬಂದಿದೆ. ಎಲ್‌ಟಿಒ ಅಂದರೆ ಒಂದು ಬಗೆಯ ಬ್ಯಾಕಪ್ ಟೇಪ್, 6 ಅನ್ನುವುದು ಅದರ ಆರನೇ ತಲೆಮಾರು. ಟೇಪ್ ಇಡಲು ಎಂಟು ಸ್ಲಾಟ್, ಓದಿ ಬರೆಯಲು ಒಂದು ಡ್ರೈವ್. ಅದನ್ನು ಲಿನಕ್ಸ್ ಸರ್ವರಿಗೆ ಜೋಡಿಸಬೇಕು. ಒಂದು ಟೇಪ್ ತುಂಬಿದರೆ ಇನ್ನೊಂದು ತಾನಾಗಿ ಬರುತ್ತದಾ? ಮುಂದೆ ಹೊಸ ಡ್ರೈವ್ ತಂದರೆ ಇದೇ ಟೇಪುಗಳನ್ನು ಓದಬಹುದಾ?

ಮೊದಲನೆಯದಕ್ಕೆ ಉತ್ತರ: ಯಾರಾದರೂ ಹೇಳಿದರೆ ಬರುತ್ತದೆ, ಸುಮ್ನೆ ಬರುವುದಿಲ್ಲ. ಎರಡನೆಯದನ್ನು ಕೊನೆಗೆ ಹೇಳುತ್ತೇನೆ. ಬೆಂಗಳೂರಿನ ಒಂದು ಚಿಕ್ಕ ವಿಡಿಯೊ ಸ್ಟುಡಿಯೊದಲ್ಲಿ ಇಂಥದ್ದೇ ಪೆಟ್ಟಿಗೆಯನ್ನು ಆರು ವರ್ಷ ನೋಡಿಕೊಂಡಿದ್ದೇನೆ. ಮಾಡಬಾರದ ತಪ್ಪುಗಳನ್ನೆಲ್ಲ ಮಾಡಿದ್ದೇನೆ. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿಗೆ ಬದಲಿಸಿಕೊಳ್ಳಿ.

ಪೆಟ್ಟಿಗೆಯೊಳಗೆ ಇರುವುದು ಎರಡು ಬೇರೆ ಬೇರೆ ಯಂತ್ರ. ಒಂದು ಮಾಮೂಲಿ ಟೇಪ್ ಡ್ರೈವ್. ಇನ್ನೊಂದು, ಸ್ಲಾಟಿನಿಂದ ಟೇಪ್ ತೆಗೆದು ಡ್ರೈವಿಗೆ ಹಾಕುವ, ಮತ್ತೆ ವಾಪಸ್ ಇಡುವ ಕೈ. ಇದಕ್ಕೆ ಚೇಂಜರ್ ಅನ್ನುತ್ತಾರೆ. ಲೈಬ್ರರಿಯ ಅಟೆಂಡರ್ ಇದ್ದ ಹಾಗೆ. ಮೂರನೇ ಕಪಾಟಿನದು ತನ್ನಿ ಅಂದರೆ ತರುತ್ತಾರೆ. ಪುಸ್ತಕದೊಳಗೆ ಏನಿದೆ ಅನ್ನುವುದು ಅವರಿಗೆ ಸಂಬಂಧವಿಲ್ಲ, ನೀವು ಓದಿ ಮುಗಿಸಿದಿರಾ ಅಂತ ಕೇಳುವುದೂ ಇಲ್ಲ.

ಆನ್ ಮಾಡುವ ಮೊದಲು ಒಂದು ಕೆಲಸ ಇದೆ. ಸಾಗಿಸುವಾಗ ಆ ಕೈ ಅಲ್ಲಾಡದಿರಲಿ ಅಂತ ಕೆಲವು ಮಾದರಿಗಳಲ್ಲಿ ಮೇಲ್ಭಾಗದಲ್ಲಿ ಒಂದು ಲಾಕ್ ಹಾಕಿರುತ್ತಾರೆ. ಅದನ್ನು ತೆಗೆಯದೆ ಆನ್ ಮಾಡಿದರೆ ಕೈ ಮಿಸುಕಲಾಗದೆ ಎರರ್ ಕೊಡುತ್ತದೆ. ಜನ ಯಂತ್ರವೇ ಕೆಟ್ಟಿದೆ ಅಂತ ಮಾರಿದವರ ಹತ್ತಿರ ಜಗಳಕ್ಕೆ ಹೋಗುತ್ತಾರೆ. ತೆಗೆದ ಲಾಕನ್ನು ಎಸೆಯಬೇಡಿ, ಆಫೀಸ್ ಬದಲಿಸುವ ದಿನ ಬೇಕಾಗುತ್ತದೆ.

ನಿಮ್ಮದು ಸ್ಯಾಸ್ (ಸರ್ವರಿಗೆ ಡಿಸ್ಕು, ಟೇಪು ಜೋಡಿಸುವ ಒಂದು ಬಗೆ) ಕೇಬಲಿನ ಲೋಡರ್ ಆಗಿದ್ದರೆ ಅದನ್ನು ಸರ್ವರಿನ ರೇಡ್ ಕಾರ್ಡಿಗೆ, ಅಂದರೆ ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ಕಾರ್ಡಿಗೆ, ಚುಚ್ಚಬೇಡಿ. ಬಹಳಷ್ಟು ರೇಡ್ ಕಾರ್ಡುಗಳಿಗೆ ಟೇಪ್ ಅಂದರೆ ಏನೆಂದೇ ತಿಳಿಯುವುದಿಲ್ಲ. ಎಚ್‌ಬಿಎ ಅನ್ನುವ ಸಾದಾ ಸ್ಯಾಸ್ ಕಾರ್ಡ್ ಬೇಕು. ಜೋಡಿಸಿದ ಮೇಲೆ 'ಎಲ್‌ಎಸ್‌ಎಸ್‌ಸಿಎಸ್‌ಐ' ಕೊಟ್ಟು ನೋಡಿ. ಎರಡು ಸಾಲು ಕಾಣಬೇಕು. ಒಂದರಲ್ಲಿ 'ಟೇಪ್' ಅಂತ, ಇನ್ನೊಂದರಲ್ಲಿ 'ಮೀಡಿಯಂಎಕ್ಸ್' ಅಂತ ಇರುತ್ತದೆ. ಎರಡನೆಯದೇ ಕೈ. ಟೇಪ್ ಮಾತ್ರ ಕಂಡು ಕೈ ಕಾಣದಿದ್ದರೆ ಮೊದಲು ಕಾರ್ಡಿನ ಮೇಲೆ ಅನುಮಾನ ಪಡಿ. ಡ್ರೈವ್ ಲನ್ 0, ಕೈ ಲನ್ 1, ಎರಡೂ ಒಂದೇ ಕೇಬಲಿನಲ್ಲಿ ಬರುತ್ತವೆ (ಲನ್ ಅಂದರೆ ಒಂದೇ ಕೇಬಲಿನಲ್ಲಿರುವ ಯಂತ್ರಗಳನ್ನು ಗುರುತಿಸುವ ಸಂಖ್ಯೆ). ಕೆಲವು ಕಾರ್ಡುಗಳು ಸೊನ್ನೆಯನ್ನು ಮಾತ್ರ ನೋಡಿ ಸುಮ್ಮನಾಗುತ್ತವೆ.

ಇನ್ನು ನಡೆಸುವ ವಿಷಯ. 'ಎಂಟಿಎಕ್ಸ್' ಕೈಗೆ ಹೇಳುವ ಕಮಾಂಡ್, 'ಎಂಟಿ' ಡ್ರೈವಿಗೆ ಹೇಳುವ ಕಮಾಂಡ್. ಇದು ತಲೆಯಲ್ಲಿ ಕೂತರೆ ಅರ್ಧ ಗೊಂದಲ ಹೋಯಿತು. ಎಂಟಿಎಕ್ಸ್‌ಗೆ 'ಸ್ಟೇಟಸ್' ಅಂದರೆ ಯಾವ ಸ್ಲಾಟಿನಲ್ಲಿ ಯಾವ ಬಾರ್‌ಕೋಡಿನ ಟೇಪ್ ಇದೆ ಅಂತ ಪಟ್ಟಿ ಕೊಡುತ್ತದೆ. 'ಲೋಡ್ 3 0' ಅಂದರೆ ಮೂರನೇ ಸ್ಲಾಟಿನದನ್ನು ಡ್ರೈವ್ ಸೊನ್ನೆಗೆ ಹಾಕು ಅಂತ. ಸ್ಲಾಟುಗಳ ಎಣಿಕೆ ಒಂದರಿಂದ, ಡ್ರೈವಿನ ಎಣಿಕೆ ಸೊನ್ನೆಯಿಂದ. ವಾಪಸ್ ಇಡಲು 'ಅನ್‌ಲೋಡ್ 3 0'. ಅದಕ್ಕೂ ಮೊದಲು ಎಂಟಿಗೆ 'ಆಫ್‌ಲೈನ್' ಅಂತ ಹೇಳುವುದು ಒಳ್ಳೆಯದು. ಆಗ ಡ್ರೈವ್ ಟೇಪನ್ನು ಪೂರ್ತಿ ಸುತ್ತಿ ಬಾಯಿಗೆ ತಂದಿಡುತ್ತದೆ.

ಯಾಕೆ ಅಂದರೆ, ನಮ್ಮ ಹಳೇ ಆಡಿಯೊ ಕ್ಯಾಸೆಟ್ಟಿನ ಹಾಗೆ ಇದರಲ್ಲಿ ಎರಡು ಸುರುಳಿ ಇಲ್ಲ. ಕಾರ್ಟ್ರಿಜ್‌ನಲ್ಲಿ ಇರುವುದು ಒಂದೇ. ಇನ್ನೊಂದು ಡ್ರೈವಿನೊಳಗೇ ಇದೆ. 846 ಮೀಟರ್ ಟೇಪ್ ವಾಪಸ್ ತನ್ನ ಮನೆ ಸೇರುವ ತನಕ ಕಾರ್ಟ್ರಿಜ್ ಹೊರಗೆ ಬರುವ ಹಾಗೇ ಇಲ್ಲ. ಅದಕ್ಕೆ ಒಂದೆರಡು ನಿಮಿಷ ಹಿಡಿಯಬಹುದು. ಹೊಸ ಟೇಪ್ ಹಾಕಿದ ಮೇಲೂ ಡ್ರೈವ್ ಸಿದ್ಧವಾಗಲು ಸ್ವಲ್ಪ ಹೊತ್ತು ಬೇಕು. ಸ್ಕ್ರಿಪ್ಟ್ ಬರೆಯುವಾಗ ಈ ಕಾಯುವಿಕೆಯನ್ನು ಮರೆತರೆ 'ಡಿವೈಸ್ ಬ್ಯುಸಿ' ಅಂತ ಬೈಗುಳ ಗ್ಯಾರಂಟಿ.

ಈಗ ನಿಮ್ಮ ಪ್ರಶ್ನೆ. ಸಾದಾ ಟಾರ್ (ಫೈಲುಗಳನ್ನು ಒಂದೇ ಕಟ್ಟು ಮಾಡಿ ಬರೆಯುವ ಲಿನಕ್ಸ್ ಕಮಾಂಡ್) ಕೊಟ್ಟು ಬರೆಯುತ್ತಿದ್ದೀರಿ, ಒಂದು ಟೇಪಿನ 2.5 ಟಿಬಿ ತುಂಬಿತು ಅಂದುಕೊಳ್ಳಿ. ಟಾರ್ 'ಜಾಗ ಇಲ್ಲ' ಅಂದು ನಿಂತುಬಿಡುತ್ತದೆ. ಪಕ್ಕದ ಸ್ಲಾಟಿನಲ್ಲಿ ಖಾಲಿ ಟೇಪ್ ಇದೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಟಾರ್‌ಗೆ ದೊಡ್ಡ ಎಂ ಆಯ್ಕೆ ಕೊಟ್ಟರೆ ಟೇಪ್ ಮುಗಿದಾಗ ಮುಂದಿನದನ್ನು ಕೇಳುತ್ತದೆ. ಜೊತೆಗೆ ದೊಡ್ಡ ಎಫ್ ಆಯ್ಕೆಯಲ್ಲಿ ಒಂದು ಸ್ಕ್ರಿಪ್ಟ್ ಕೊಟ್ಟರೆ ಆಗ ಅದನ್ನು ಓಡಿಸುತ್ತದೆ. ಆ ಸ್ಕ್ರಿಪ್ಟಿನೊಳಗೆ ಎಂಟಿಎಕ್ಸ್ ಕರೆದು ಟೇಪ್ ಬದಲಿಸಬಹುದು. ನಾನು ವರ್ಷಗಟ್ಟಲೆ ಹೀಗೇ ನಡೆಸಿದೆ. ಆದರೆ ಈ ದಾರಿಯಲ್ಲಿ ಟಾರ್ ಕಂಪ್ರೆಸ್ ಮಾಡಿಕೊಡುವುದಿಲ್ಲ, ಡ್ರೈವಿನ ಕಂಪ್ರೆಷನ್ನೇ ಗತಿ.

ಅದರ ಬಗ್ಗೆಯೂ ಒಂದು ಮಾತು. ಟೇಪಿನ ಡಬ್ಬದ ಮೇಲೆ 6.25 ಟಿಬಿ ಅಂತ ದೊಡ್ಡದಾಗಿ ಬರೆದಿರುತ್ತದೆ. ಡೇಟಾ ಎರಡೂವರೆ ಪಟ್ಟು ಕುಗ್ಗುತ್ತದೆ ಅಂತ ಅವರೇ ಹಾಕಿಕೊಂಡ ಲೆಕ್ಕ ಅದು. ವಿಡಿಯೊ, ಫೋಟೊ ಮೊದಲೇ ಕುಗ್ಗಿರುತ್ತವೆ, ಇನ್ನೇನು ಕುಗ್ಗುತ್ತವೆ? 2.5 ಅಂತಲೇ ಲೆಕ್ಕ ಇಡಿ.

ನನ್ನ ದೊಡ್ಡ ತಪ್ಪು ಬೇರೆ ಕಡೆ ಆಯಿತು. ಲಿನಕ್ಸಿನಲ್ಲಿ ಒಂದೇ ಡ್ರೈವಿಗೆ ಎರಡು ಹೆಸರು: ಎಸ್‌ಟಿ0, ಎನ್‌ಎಸ್‌ಟಿ0. ಮೊದಲನೆಯ ಹೆಸರಿನಲ್ಲಿ ಬರೆದರೆ ಕೆಲಸ ಮುಗಿದ ಕೂಡಲೇ ಟೇಪ್ ಶುರುವಿಗೆ ಸುತ್ತಿಕೊಳ್ಳುತ್ತದೆ. ಮುಂದೆ ಎನ್ ಇದ್ದರೆ ಬರೆದು ನಿಲ್ಲಿಸಿದ ಜಾಗದಲ್ಲೇ ನಿಲ್ಲುತ್ತದೆ. ನಾನು ಎಸ್‌ಟಿ0 ಹಾಕಿದ್ದೆ. ಸೋಮವಾರದ ಬ್ಯಾಕಪ್ ಆಯಿತು, ಟೇಪ್ ಸುತ್ತಿಕೊಂಡಿತು. ಮಂಗಳವಾರದ್ದು ಅದರ ತಲೆಯ ಮೇಲೆಯೇ ಕೂತಿತು. ಬುಧವಾರದ್ದು ಮಂಗಳವಾರದ ಮೇಲೆ. ಲಾಗ್‌ನಲ್ಲಿ ದಿನಾ ಎಲ್ಲ ಸರಿ ಅಂತಲೇ ಬರುತ್ತಿತ್ತು, ಸುಳ್ಳೂ ಅಲ್ಲ. ಒಂದು ಶನಿವಾರ ನಮ್ಮ ಎಡಿಟರ್ ಹುಡುಗ ಮದುವೆಯೊಂದರ ಫೋಲ್ಡರ್ ಅಳಿಸಿಬಿಟ್ಟ. 'ಅಣ್ಣಾ, ಟೇಪಲ್ಲಿ ಇರುತ್ತೆ ಅಲ್ವಾ?' ಅಂದ. ಇರುತ್ತೆ ಕಣೋ ಅಂತ ಧೈರ್ಯವಾಗಿ ಹೇಳಿ ಟೇಪ್ ಹಾಕಿದೆ. ಅದರಲ್ಲಿ ಇದ್ದದ್ದು ಶುಕ್ರವಾರದ ಒಂದೇ ಬ್ಯಾಕಪ್.

ಹಿಂದಿನ ದಿನಗಳ ಡೇಟಾ ಟೇಪಿನ ಮುಂದಿನ ಭಾಗದಲ್ಲಿ ಸ್ವಲ್ಪವಾದರೂ ಉಳಿದಿರಬಹುದಲ್ಲ ಅಂತ ನಾನೂ ತಡಕಾಡಿದೆ. ಉಳಿದಿದ್ದರೂ ಕೈಗೆ ಸಿಗುವುದಿಲ್ಲ. ಹೊಸ ಬರಹದ ಕೊನೆಯಲ್ಲಿ 'ಇಲ್ಲಿಗೆ ಮುಗಿಯಿತು' ಅನ್ನುವ ಗುರುತು ಬೀಳುತ್ತದೆ. ಡ್ರೈವ್ ಅದನ್ನು ದಾಟಿ ಓದುವುದಿಲ್ಲ. ಪುಣ್ಯಕ್ಕೆ ಕ್ಯಾಮೆರಾದವರು ಕಾರ್ಡ್ ಇನ್ನೂ ಫಾರ್ಮ್ಯಾಟ್ ಮಾಡಿರಲಿಲ್ಲ. ಅವತ್ತಿನಿಂದ ಎನ್‌ಎಸ್‌ಟಿ0 ಬಿಟ್ಟು ಬೇರೆ ಹೆಸರು ನಾನು ಮುಟ್ಟಿಲ್ಲ. ಸೇರಿಸಿ ಬರೆಯುವ ಮೊದಲು ಪ್ರತಿ ಸಲ ಎಂಟಿಗೆ 'ಇಒಡಿ' ಕೊಟ್ಟು ಡೇಟಾದ ಕೊನೆಗೆ ಹೋಗಿ ನಿಲ್ಲಿಸುತ್ತೇನೆ.

ಇನ್ನೊಂದು, ಬ್ಲಾಕ್ ಸೈಜ್. ಟಾರ್ ಸುಮ್ಮನೆ ಬಿಟ್ಟರೆ 10 ಕೆಬಿ ತುಣುಕುಗಳಲ್ಲಿ ಬರೆಯುತ್ತದೆ. ಈ ಡ್ರೈವಿಗೆ ಅದು ಚಮಚದಲ್ಲಿ ಹುಳಿ ಬಡಿಸಿದ ಹಾಗೆ. ಚಿಕ್ಕ ಬಿ ಆಯ್ಕೆಗೆ 512 ಕೊಟ್ಟರೆ 256 ಕೆಬಿ ಆಗುತ್ತದೆ. ಓದುವಾಗಲೂ ಅದೇ ಸಂಖ್ಯೆ ಕೊಡಿ. ಕೊಡದಿದ್ದರೆ 'ಮೆಮೊರಿ ಸಾಲದು' ಅನ್ನುವ ಅರ್ಥವಿಲ್ಲದ ದೂರು ಬರಬಹುದು. ನಾನು ಸರ್ವರಿಗೆ ಹೊಸ ರ‍್ಯಾಮ್ ಹಾಕಿಸಬೇಕೇನೋ ಅಂತ ಯೋಚಿಸಿದ್ದೆ!

ವೇಗದ ವಿಷಯಕ್ಕೆ ಬರುತ್ತೇನೆ, ಇದು ಜಾಸ್ತಿ ಮುಖ್ಯ. ಎಲ್‌ಟಿಒ-6 ಸೆಕೆಂಡಿಗೆ 160 ಎಂಬಿ ನುಂಗುತ್ತದೆ. ಹಾಗೆ ಬಿಡದೆ ಉಣಿಸಿದರೂ ಒಂದು ಟೇಪ್ ತುಂಬಲು ನಾಲ್ಕು ಗಂಟೆ ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಟೇಪ್ ಆ ತುದಿಯಿಂದ ಈ ತುದಿಗೆ 136 ಸಲ ಓಡಿರುತ್ತದೆ. ಒಟ್ಟು ದೂರ ನೂರು ಕಿಲೋಮೀಟರಿಗೂ ಜಾಸ್ತಿ, ಬೆಂಗಳೂರಿನಿಂದ ಮಂಡ್ಯ ದಾಟಿದ ಹಾಗೆ. ಈ ಓಟದ ಮಧ್ಯೆ ಸರ್ವರ್ ಡೇಟಾ ಕೊಡುವುದನ್ನು ನಿಲ್ಲಿಸಿದರೆ ಟೇಪ್ ತಕ್ಷಣ ನಿಲ್ಲಲಾರದು. ಸ್ವಲ್ಪ ಮುಂದೆ ಹೋಗಿ ನಿಂತು, ಹಿಂದೆ ಬಂದು, ಮತ್ತೆ ಓಟ ಹಿಡಿದು ಬರೆಯಬೇಕು. ಬೂಟ್ ಪಾಲಿಶಿನ ಬಟ್ಟೆ ಹಿಂದೆ ಮುಂದೆ ಆಡುವ ಹಾಗೆ. ಅದಕ್ಕೇ ಇದನ್ನು ಶೂ ಶೈನಿಂಗ್ ಅನ್ನುತ್ತಾರೆ. ಟೇಪೂ ಸವೆಯುತ್ತದೆ, ಹೆಡ್ಡೂ ಸವೆಯುತ್ತದೆ, ಬ್ಯಾಕಪ್ಪೂ ಮುಗಿಯುವುದಿಲ್ಲ. ಪರದೆ ನೋಡುವುದೇ ಬೇಡ, ಕಿವಿಗೇ ತಿಳಿಯುತ್ತದೆ. ಒಂದೇ ಸಮ ಗುಂಯ್ ಅನ್ನುತ್ತಿದ್ದರೆ ಸರಿ. ಗುಂಯ್, ಟಕ್, ಗುಂಯ್, ಟಕ್ ಅಂದರೆ ಡ್ರೈವ್ ಹಸಿದಿದೆ.

ಡ್ರೈವ್ ತಾನೂ ಸ್ವಲ್ಪ ನಿಧಾನವಾಗಿ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೂ ಒಂದು ಮಿತಿ ಇದೆ. ಒಂದು ಗಿಗಾಬಿಟ್ ನೆಟ್‌ವರ್ಕಿನಲ್ಲಿ ಬರುವುದು ಹೆಚ್ಚೆಂದರೆ 110 ಎಂಬಿ, ಅದು ನಡೆಯುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಲಕ್ಷಾಂತರ ಚಿಕ್ಕ ಫೈಲುಗಳಿದ್ದರೆ ಮಾತ್ರ ಕಷ್ಟ. ಡಿಸ್ಕಿನ ಹೆಡ್ ಒಂದೊಂದಕ್ಕೂ ಹುಡುಕಾಡುತ್ತದೆ, ಟೇಪ್ ಕಾಯುತ್ತದೆ. ನಾವು ಅಂಥವನ್ನು ಮೊದಲು ಎಸ್‌ಎಸ್‌ಡಿ ಮೇಲೆ ಒಂದೇ ದೊಡ್ಡ ಟಾರ್ ಫೈಲ್ ಮಾಡಿ, ಆಮೇಲೆ ಟೇಪಿಗೆ ಸುರಿಯುತ್ತಿದ್ದೆವು. ಮಧ್ಯೆ, ಡೇಟಾವನ್ನು ಮೆಮೊರಿಯಲ್ಲಿ ಕೂಡಿಟ್ಟು ಮುಂದಕ್ಕೆ ಬಿಡುವ 'ಎಂಬಫರ್' ಅನ್ನುವ ಕಮಾಂಡ್ ಇಡುವುದೂ ಒಳ್ಳೆಯದು. 4 ಜಿಬಿ ಮೆಮೊರಿ ಕೊಟ್ಟು, ನೂರಕ್ಕೆ 80 ಭಾಗ ತುಂಬಿದ ಮೇಲೆಯೇ ಟೇಪಿಗೆ ಬಿಡು ಅಂತ ಹೇಳಿ. ಊಟಕ್ಕೆ ಪಂಕ್ತಿ ಕೂರಿಸುವ ಮೊದಲು ಅನ್ನ ಬೆಂದಿರಲಿ ಅನ್ನುವ ಹಾಗೆ.

ಕ್ಲೀನಿಂಗ್ ಟೇಪ್ ಅಂತ ಒಂದು ಬರುತ್ತದೆ. ಅದನ್ನು ಎಂಟನೇ ಸ್ಲಾಟಿನಲ್ಲಿ ಇಟ್ಟುಬಿಡಿ. ಅಂದರೆ ನಿಮಗೆ ಉಳಿದದ್ದು ಏಳು, ಒಟ್ಟು 17.5 ಟಿಬಿ. ಅದರ ಬಾರ್‌ಕೋಡ್ ಸಿಎಲ್‌ಎನ್ ಅಂತ ಶುರುವಾಗಬೇಕು, ಆಗ ಸಾಫ್ಟ್‌ವೇರ್ ಅದನ್ನು ಡೇಟಾ ಟೇಪ್ ಅಂದುಕೊಳ್ಳುವುದಿಲ್ಲ. ಡ್ರೈವ್ ಕೇಳಿದಾಗ ಮಾತ್ರ ಕ್ಲೀನ್ ಮಾಡಿ. ನಮ್ಮ ರಸ್ತೆ ಅಗೆದಿದ್ದಾರೆ, ಧೂಳು ಜಾಸ್ತಿ ಅಂತ ವಾರಕ್ಕೊಮ್ಮೆ ಹಾಕಿದರೆ ಹೆಡ್ಡನ್ನೇ ಉಜ್ಜಿ ಸವೆಸಿದ ಹಾಗೆ. ಫಲಕದ ಮೆನುವಿನಲ್ಲಿ ಸೀಕ್ವೆನ್ಷಿಯಲ್, ರ‍್ಯಾಂಡಮ್ ಅಂತ ಎರಡು ಮೋಡ್ ಇದ್ದರೆ ರ‍್ಯಾಂಡಮ್ ಇಡಿ. ಸೀಕ್ವೆನ್ಷಿಯಲ್‌ನಲ್ಲಿ ಒಂದು ಟೇಪ್ ಹೊರಗೆ ಬಂದ ಕೂಡಲೇ ಕೈ ತನ್ನಷ್ಟಕ್ಕೆ ಮುಂದಿನದನ್ನು ತಂದು ಹಾಕುತ್ತದೆ. ನಿಮಗೆ ಬೇಕಾದ 'ತಾನಾಗಿ' ಇದೇ ಅಂತ ಅನ್ನಿಸಬಹುದು. ಆದರೆ ಅದು ಮುಂದಿನ ಸ್ಲಾಟಿನದನ್ನು ತರುತ್ತದೆ, ಬೇಕಾದದ್ದನ್ನಲ್ಲ. ಅಲ್ಲಿ ಕಳೆದ ತಿಂಗಳ ಟೇಪ್ ಇದ್ದರೆ ಅದೇ ಬರುತ್ತದೆ.

ನೀವು ಹೊಸದಾಗಿ ಶುರು ಮಾಡುತ್ತಿರುವುದರಿಂದ ಸ್ಕ್ರಿಪ್ಟಿನ ಗೋಜು ಬಿಟ್ಟು ಬಾಕುಲಾ ಅಥವಾ ಬೇರಿಯೋಸ್ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್ ಹಾಕಿ ಅಂತಲೇ ನನ್ನ ಸಲಹೆ. ಬಾರ್‌ಕೋಡ್ ಓದಿ, ಯಾವ ಫೈಲ್ ಯಾವ ಟೇಪಿನಲ್ಲಿ ಎಲ್ಲಿದೆ ಅಂತ ಬರೆದಿಟ್ಟುಕೊಂಡು, ಟೇಪ್ ತುಂಬಿದರೆ ಸರಿಯಾದದ್ದನ್ನೇ ಕೇಳಿ ತರಿಸಿಕೊಳ್ಳುತ್ತವೆ. ಕಲಿಯಲು ಒಂದು ವಾರ ತಲೆ ಕೆಡುತ್ತದೆ, ಪರವಾಗಿಲ್ಲ. ಒಂದೇ ಎಚ್ಚರಿಕೆ: ಆ ಪಟ್ಟಿ ಇರುವ ಡೇಟಾಬೇಸನ್ನು ಬೇರೆ ಕಡೆಯೂ ಇಡಿ. ಸರ್ವರ್ ಜೊತೆ ಅದೂ ಹೋದರೆ ಟೇಪುಗಳನ್ನೆಲ್ಲ ಮೊದಲಿನಿಂದ ಓದಿ ಪಟ್ಟಿ ಕಟ್ಟಬೇಕು. ಏಳು ಟೇಪಿಗೆ ಎಷ್ಟು ಗಂಟೆ ಅಂತ ಮೇಲಿನ ಲೆಕ್ಕದಲ್ಲೇ ನೋಡಿಕೊಳ್ಳಿ. ನಾನು ಇದರ ಜೊತೆ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೆ. ಬಾರ್‌ಕೋಡ್, ತಾರೀಕು, ಏನಿದೆ, ಬ್ಲಾಕ್ ಸೈಜ್. ಯಾರೂ ಅದನ್ನು ಗೌರವಿಸಲಿಲ್ಲ, ಎಲ್ಲರೂ ಅದನ್ನೇ ಕೇಳಿಕೊಂಡು ಬರುತ್ತಿದ್ದರು.

ಲೋಡರಿನೊಳಗೆ ಕೂತ ಟೇಪ್ ಸುರಕ್ಷಿತ ಅಂದುಕೊಳ್ಳಬೇಡಿ. ಸರ್ವರಿಗೆ ನುಗ್ಗಿದವನು ಅದೇ ಎಂಟಿಎಕ್ಸ್ ಬಳಸಿ ಒಂದೊಂದನ್ನೇ ತರಿಸಿ ಅಳಿಸಬಹುದು. 2011ರ ಫೆಬ್ರುವರಿಯಲ್ಲಿ ಜಿಮೇಲಿನ ಒಂದು ಸಾಫ್ಟ್‌ವೇರ್ ದೋಷ ಕೆಲವರ ಮೇಲ್‌ಗಳನ್ನು ಅಳಿಸಿತು. ಬೇರೆ ಬೇರೆ ಡೇಟಾ ಸೆಂಟರುಗಳಲ್ಲಿದ್ದ ಪ್ರತಿಗಳೂ ಹೋದವು. ಗೂಗಲ್ ಕೊನೆಗೆ ಅವನ್ನು ವಾಪಸ್ ತಂದದ್ದು ಟೇಪಿನಿಂದ, ಯಾಕೆಂದರೆ ಆ ದೋಷದ ಕೈ ಟೇಪಿನವರೆಗೆ ಹೋಗಿರಲಿಲ್ಲ. ತಿಂಗಳ ಕೊನೆಯ ಟೇಪನ್ನು ಹೊರಗೆ ತೆಗೆದು, ಬರೆಯದಂತೆ ತಡೆಯುವ ಚಿಕ್ಕ ಗುಂಡಿಯನ್ನು ಜರುಗಿಸಿ, ಬೇರೆ ಕಟ್ಟಡದಲ್ಲಿ ಇಡಿ. ವಾಪಸ್ ತಂದಾಗ, ಅದರಲ್ಲೂ ಮಳೆಗಾಲದಲ್ಲಿ, ಒಂದು ದಿನ ಸರ್ವರ್ ಕೋಣೆಯಲ್ಲೇ ಬಿಟ್ಟು ಆಮೇಲೆ ಹಾಕಿ. ಕೆಳಗೆ ಬಿದ್ದ ಟೇಪನ್ನು ಮಾತ್ರ ನೋಡದೆ ಹಾಕಬೇಡಿ. ಒಳಗಿನ ಪಿನ್ ಜಾರಿದ್ದರೆ ಡ್ರೈವಿಗೇ ಏಟು.

ಕೊನೆಗೆ ನಿಮ್ಮ ಎರಡನೇ ಪ್ರಶ್ನೆ. ಎಲ್‌ಟಿಒ-6 ಡ್ರೈವ್ 4 ಮತ್ತು 5ರ ಟೇಪುಗಳನ್ನೂ ಓದುತ್ತದೆ. ಎಲ್‌ಟಿಒ-7 ಡ್ರೈವ್ ತಂದರೆ ನಿಮ್ಮ 6ರ ಟೇಪುಗಳಲ್ಲಿ ಓದಬಹುದು, ಬರೆಯಲೂಬಹುದು. 2017ರಲ್ಲಿ ಬಂದ ಎಲ್‌ಟಿಒ-8ಕ್ಕೆ ಹಾರಿದರೆ ಕೆಲಸ ಕೆಟ್ಟಿತು. ಅದು 7 ಮತ್ತು 8 ಬಿಟ್ಟು ಹಿಂದಿನದನ್ನು ಓದುವುದೇ ಇಲ್ಲ. ಎರಡು ತಲೆಮಾರು ಹಿಂದಿನದನ್ನು ಓದುವ ಹಳೇ ಪದ್ಧತಿ ಅಲ್ಲಿಗೆ ನಿಂತಿತು. ನಮ್ಮಲ್ಲಿ ಇದನ್ನು ಯಾರೂ ನೋಡದೆ 8 ತರಿಸಿದ್ದರು. ಹಳೇ ಲೋಡರನ್ನು ಗುಜರಿಗೆ ಹಾಕಲು ಆಟೋ ಕೂಡ ಬಂದಿತ್ತು. ಅವನಿಗೆ ಟೀ ಕುಡಿಸಿ ವಾಪಸ್ ಕಳಿಸಿದೆ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು, ರಾತ್ರಿಯೆಲ್ಲ ಹಳೆಯದರಿಂದ ಓದಿ ಹೊಸದಕ್ಕೆ ಬರೆದೆವು. 6ರ ನಾಲ್ಕು ಟೇಪ್ 8ರ ಒಂದರಲ್ಲಿ ಹಿಡಿಯುತ್ತವೆ. ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಹಳೇ ಲೋಡರ್ ಈಗಲೂ ರ‍್ಯಾಕಿನ ತಳದಲ್ಲಿದೆ, ತಿಂಗಳಿಗೊಮ್ಮೆ ಆನ್ ಮಾಡಿ ಒಂದು ಟೇಪ್ ಓದಿಸಿ ನೋಡುತ್ತಾರಂತೆ.