ಓದುಗರ ಪ್ರಶ್ನೆ: ಕೈಚಳಕ ಕಲಿಯಲು ಏನೇನು ಬೇಕು?

ಪ್ರಶ್ನೆ: ಎಂಟನೇ ತರಗತಿ ಓದುವ ಮಗನಿಗೆ ಜಾದೂ ಹುಚ್ಚು. ‘ನೂರು ಜಾದೂಗಳ ಪೆಟ್ಟಿಗೆ’ ತರಿಸಿಕೊಡಿ ಎಂದು ಹಟ ಹಿಡಿದಿದ್ದಾನೆ. ತರಿಸಬಹುದೇ? ಪುಸ್ತಕ ಯಾವುದು ಕೊಡಿಸಲಿ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಪೆಟ್ಟಿಗೆ ಬೇಡ. ಅದರಲ್ಲಿ ಕೆಲಸ ಮಾಡುವುದು ಗುಟ್ಟಿನ ಡಬ್ಬಿ, ಕೈಯಲ್ಲ. ‘ಎಲ್ಲಿ, ಕೊಡು ನೋಡೋಣ’ ಎಂದು ಯಾರಾದರೂ ಕೈ ಚಾಚಿದರೆ ಆಟ ಮುಗಿಯಿತು. ಧೈರ್ಯವಾಗಿ ಎದುರಿನವರ ಕೈಗೆ ಕೊಡಬಹುದಾದ ಮಾಮೂಲಿ ವಸ್ತುಗಳೇ ಸಾಕು.

ಕಾಗದದ ಇಸ್ಪೀಟು, ಒಂದೇ ಬಗೆಯದು ಎರಡು ಕಟ್ಟು ತನ್ನಿ. ‘ಬೈಸಿಕಲ್ ರೈಡರ್ ಬ್ಯಾಕ್’ ಎಂಬ ಬ್ರ್ಯಾಂಡಿನದು ಸಿಕ್ಕರೆ ಒಳ್ಳೆಯದು. ಅದು ಪೋಕರ್ ಅಳತೆ: 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ. ಹುಡುಗನ ಅಂಗೈ ಚಿಕ್ಕದಿದ್ದರೆ 57 ಮಿ.ಮೀ. ಅಗಲದ ಬ್ರಿಜ್ ಅಳತೆಯದು ನೋಡಿ. ಎಲೆಯ ಬೆನ್ನಿಗೆ ಬಿಳಿ ಅಂಚು ಇರಲೇಬೇಕು. ಕಟ್ಟಿನ ನಡುವೆ ಒಂದೆಲೆ ತಿರುವಿಟ್ಟರೂ ಆ ಅಂಚಿನಿಂದಾಗಿ ಗೊತ್ತಾಗುವುದಿಲ್ಲ. ಪೂರ್ತಿ ಪ್ಲಾಸ್ಟಿಕ್ ಎಲೆಗಳು ವಿಪರೀತ ಜಾರುತ್ತವೆ, ಈಗಲೇ ಬೇಡ.

ನಾಣ್ಯಕ್ಕೆ ಮನೆಯ ಹಳೇ ಡಬ್ಬಿ ಹುಡುಕಿ. 1975ರಿಂದ 82ರವರೆಗಿನ ದೊಡ್ಡ ಒಂದು ರೂಪಾಯಿ 28 ಮಿ.ಮೀ. ಅಗಲ, 8 ಗ್ರಾಂ ತೂಕ. ಅಂಚಿನ ಗೀರು ಅಂಗೈಗೆ ಚೆನ್ನಾಗಿ ಕಚ್ಚುತ್ತದೆ. ಸಿಗದಿದ್ದರೆ 27 ಮಿ.ಮೀ.ನ ಹತ್ತು ರೂಪಾಯಿ ನಾಲ್ಕು ಎತ್ತಿಡಿ. ಈಗಿನ 20 ಮಿ.ಮೀ.ನ ಒಂದು ರೂಪಾಯಿ ಕಲಿಯುವವರ ಕೈಯಲ್ಲಿ ನಿಲ್ಲುವುದಿಲ್ಲ. ಮೇಜಿನ ಮೇಲೆ ಹಾಸಲು ಹಳೆಯ ಕಂಬಳಿಯ ತುಂಡು ಇರಲಿ. ಬರಿ ಹಲಗೆಯ ಮೇಲಿಂದ ಎಲೆ ಎತ್ತುವುದೂ ಕಷ್ಟ, ನಾಣ್ಯದ ಸದ್ದೂ ಗುಟ್ಟು ಬಿಟ್ಟುಕೊಡುತ್ತದೆ.

ಪುಸ್ತಕಗಳು ಇಂಗ್ಲಿಷಿನವು, ನೀವೂ ಜೊತೆಗೆ ಕೂರಬೇಕಾದೀತು. ಮೊದಲು ಚಿತ್ರಗಳು ತುಂಬಿರುವ ಮಾರ್ಕ್ ವಿಲ್ಸನ್ ಅವರ ‘ಕಂಪ್ಲೀಟ್ ಕೋರ್ಸ್ ಇನ್ ಮ್ಯಾಜಿಕ್’ (1975). ಎಲೆಗಳತ್ತ ಒಲವಿದ್ದರೆ ಹ್ಯೂಗಾರ್ಡ್ ಮತ್ತು ಬ್ರೌವೆ ಬರೆದ ‘ದಿ ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್’; ಇಸ್ಪೀಟು ಕಲೆಸುವುದರಿಂದಲೇ ಪಾಠ ಶುರು. ನಾಣ್ಯಕ್ಕೆ ಬೋಬೊ ಅವರ ‘ಮಾಡರ್ನ್ ಕಾಯಿನ್ ಮ್ಯಾಜಿಕ್’ (1952). ಅಲ್ಲಿ ಹೆಚ್ಚಾಗಿ ಬರುವುದು 30.6 ಮಿ.ಮೀ.ನ ಅಮೆರಿಕದ ಅರ್ಧ ಡಾಲರ್. ನಮ್ಮ ನಾಣ್ಯಕ್ಕೆ ಹಿಡಿತ ತುಸು ಬಿಗಿ ಮಾಡಿಕೊಳ್ಳಬೇಕು. ಎಲ್ಲರೂ ಹೊಗಳುವ, ಅರ್ಡ್‌ನೇಸ್ ಬರೆದ ಇಸ್ಪೀಟಿನ ಪುಸ್ತಕ ‘ದಿ ಎಕ್ಸ್‌ಪರ್ಟ್ ಅಟ್ ದಿ ಕಾರ್ಡ್ ಟೇಬಲ್’ (1902) ಸದ್ಯಕ್ಕೆ ಕಪಾಟಿನಲ್ಲೇ ಇರಲಿ. ವಿಡಿಯೊ ನೋಡುವುದಾದರೆ ಒಂದೇ ಚಲನೆಯನ್ನು ಎದುರಿನಿಂದಲೂ, ಮಾಡುವವನ ಕಣ್ಣಿನಿಂದಲೂ ತೋರಿಸುವುದನ್ನು ಆರಿಸಿ. ಎರಡು ನಿಮಿಷದಲ್ಲಿ ಐದು ಗುಟ್ಟು ಬಯಲು ಮಾಡುವವರಿಂದ ಕೈಗೆ ಏನೂ ಬರುವುದಿಲ್ಲ.

ಪ್ರಶ್ನೆ: ಮಳೆ ಹಿಡಿದರೆ ಎಲೆಗಳು ಅಂಟಿಕೊಂಡು ಬೀಸಣಿಗೆಯಂತೆ ಬಿಚ್ಚಿಕೊಳ್ಳುವುದೇ ಇಲ್ಲ. ಪೌಡರ್ ಹಾಕಬಹುದೇ?
– ಭಾಗಮಂಡಲ

ಉತ್ತರ: ಮುಖದ ಪೌಡರ್ ಬೇಡ, ತೇವಕ್ಕೆ ಗಂಟುಗಟ್ಟುತ್ತದೆ. ಕಾಗದ ನೀರು ಹೀರಿ ಉಬ್ಬುತ್ತದೆ, ಕೈಯ ಜಿಡ್ಡು ಸೇರಿ ಎಲೆಗಳ ನಡುವೆ ಗಾಳಿ ಆಡದಂತಾಗುತ್ತದೆ. ಒಲೆಯ ಪಕ್ಕ ಒಣಗಿಸಿದರೆ ಎಲೆ ಸೊಟ್ಟಗಾದೀತು. ಬಿಗಿ ಮುಚ್ಚಳದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅಭ್ಯಾಸ ಮುಗಿದ ಕೂಡಲೇ ಕಟ್ಟನ್ನು ಅದರಲ್ಲಿಡಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡೇ ಎಲೆ ಮುಟ್ಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳೆಯ ಕಟ್ಟಿನಲ್ಲಿ ಅಭ್ಯಾಸ ಮಾಡಿ, ಹೊಸದನ್ನು ತೋರಿಸುವ ದಿನಕ್ಕೆ ಉಳಿಸಿಕೊಳ್ಳಿ.

ಪ್ರಶ್ನೆ: ನಾಣ್ಯ ಮಾಯ ಮಾಡುವ ಫ್ರೆಂಚ್ ಡ್ರಾಪ್ ಕನ್ನಡಿ ಮುಂದೆ ಸರಿಯಾಗಿಯೇ ಕಾಣುತ್ತದೆ. ಜನರ ಮುಂದೆ ಸಿಕ್ಕಿಬೀಳುತ್ತೇನೆ. ಪುತ್ತರಿ ಹಬ್ಬಕ್ಕೆ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆಯಲ್ಲಿ) ತೋರಿಸುವ ಆಸೆ.
– ಗೋಣಿಕೊಪ್ಪ

ಉತ್ತರ: ಕಳ್ಳತನದ ಕ್ಷಣಕ್ಕೆ ನಿಮಗೇ ಕಣ್ಣು ಮಿಟುಕುತ್ತದೆ, ಹಾಗಾಗಿ ಕನ್ನಡಿಯಲ್ಲಿ ತಪ್ಪು ಕಾಣುವುದಿಲ್ಲ. ಮೊಬೈಲನ್ನು ಕೂತವರ ಕಣ್ಣಿನ ಎತ್ತರಕ್ಕೆ ನಿಲ್ಲಿಸಿ, ಮೊದಲು ನಿಜವಾಗಿಯೇ ಎಡಗೈಯಿಂದ ಬಲಗೈಗೆ ನಾಣ್ಯ ತೆಗೆದುಕೊಳ್ಳುವುದನ್ನು ಹತ್ತು ಸಲ ಚಿತ್ರಿಸಿ. ಆಮೇಲೆ ಸುಳ್ಳಿನದನ್ನು, ಅಂದರೆ ನಾಣ್ಯವನ್ನು ಎಡಗೈಯೊಳಗೇ ಬೀಳಿಸಿ ಬಲಗೈ ತೆಗೆದುಕೊಂಡಂತೆ ನಟಿಸುವುದನ್ನು, ಚಿತ್ರಿಸಿ ಹೋಲಿಸಿ. ಸಾಮಾನ್ಯವಾಗಿ ಮೂರು ವ್ಯತ್ಯಾಸ ಕಾಣುತ್ತವೆ: ಬಲಗೈ ಅವಸರಪಡುತ್ತದೆ, ನಾಣ್ಯ ಬೀಳಿಸಿದ ಎಡ ಹೆಬ್ಬೆರಳು ಗಾಳಿಯಲ್ಲಿ ನೆಟ್ಟಗೆ ನಿಲ್ಲುತ್ತದೆ, ಕಣ್ಣು ಖಾಲಿ ಬಲಗೈಯನ್ನು ಹಿಂಬಾಲಿಸುವ ಬದಲು ಎಡಗೈಯತ್ತ ಕಳ್ಳನೋಟ ಬೀರುತ್ತದೆ. ಮೂರನೆಯದೇ ಹೆಚ್ಚಿನವರನ್ನು ಸಿಕ್ಕಿಹಾಕಿಸುವುದು. ಬಿದ್ದ ನಾಣ್ಯ ಮಧ್ಯದ ಬೆರಳು, ಉಂಗುರ ಬೆರಳುಗಳ ಬುಡದಲ್ಲಿ ಕೂರಲಿ. ಬೆರಳು ಸ್ವಲ್ಪ ಮಡಚಿದರೆ ಸಾಕು, ಮುಷ್ಟಿ ಕಟ್ಟಬೇಡಿ. ಖಾಲಿ ಕೈಯನ್ನು ತಕ್ಷಣ ಬಿಚ್ಚಬೇಡಿ, ನಾಣ್ಯ ಅಲ್ಲೇ ಇದೆಯೆಂದು ನೋಡುವವರು ನಂಬಲು ಒಂದೆರಡು ಕ್ಷಣ ಬೇಕು.

ಇನ್ನು ಐನ್‌ಮನೆ. ಹಬ್ಬದ ದಿನ ಜನ ಸುತ್ತುವರಿದು ನಿಲ್ಲುತ್ತಾರೆ, ಈ ಆಟಕ್ಕೆ ಎಡಬದಿ ಮತ್ತು ಬೆನ್ನ ಹಿಂದೆ ಕಣ್ಣಿರಬಾರದು. ಜಗುಲಿಯ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಎಡಕ್ಕೂ ಗೋಡೆ ಬರುವಂತೆ ಕೂರಿ. ಮಕ್ಕಳು ಎದುರಿಗಿರಲಿ. ಒಂದೇ ಸಲ ಮಾಡಿ. ‘ಇನ್ನೊಮ್ಮೆ’ ಎಂದರೆ ಎಲೆಗಳ ಆಟಕ್ಕೆ ಹೊರಳಿಕೊಳ್ಳಿ.